ನಡುಗೋಡೆಯ ಲೆಕ್ಕ

ಒಬ್ಬನು 38 ಲಕ್ಷ ರೂಪಾಯಿಗೆ ಒಂದು ಹಳೆಯ ಮನೆಯನ್ನು ಕೊಂಡು, 6 ಲಕ್ಷ ರೂಪಾಯಿ ಖರ್ಚು ಮಾಡಿ ರಿಪೇರಿ ಮಾಡಿಸಿ, 60 ಲಕ್ಷ ರೂಪಾಯಿಗೆ ಮಾರಿದರೆ ಅವನಿಗೆ ಬಂದ ಲಾಭವೆಷ್ಟು? ಏಳನೆಯ ತರಗತಿಯ ಹುಡುಗನನ್ನು ಕೇಳಿದರೆ ಬಾಯಿಲೆಕ್ಕದಲ್ಲೇ 16 ಲಕ್ಷ ಎಂದುಬಿಡುತ್ತಾನೆ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಪಾಠ ಹೇಳಿ ನಿವೃತ್ತನಾದ ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಪಠ್ಯಪುಸ್ತಕದ ಮನೆಯ ಮೇಲೆ ಮಳೆ ಸುರಿಯುವುದಿಲ್ಲ. ಅದರ ತಾರಸಿ ಸೋರುವುದಿಲ್ಲ, ತೊಲೆಗೆ ಗೆದ್ದಲು ಹಿಡಿಯುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಮನೆಯೂ ಇರುವುದಿಲ್ಲ. ನಾನು ಕೊಂಡ ಮನೆಗೆ ಇವೆಲ್ಲವೂ ಇದ್ದವು.

ಈ ಹುಚ್ಚು ನನಗೆ ಹತ್ತಿದ್ದು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಬೆಳಗಿನ ವಾಕಿಂಗ್ ಗೆಳೆಯರೊಬ್ಬರು ತಮ್ಮ ಭಾವಮೈದುನ ಹೀಗೇ ಒಂದು ಹಳೆಯ ಮನೆ ಹಿಡಿದು, ಆರು ತಿಂಗಳಲ್ಲಿ ಸುಣ್ಣಬಣ್ಣ ಮಾಡಿಸಿ, ಒಳ್ಳೆಯ ಬೆಲೆಗೆ ಮಾರಿದ ಕಥೆಯನ್ನು ದಿನಕ್ಕೊಂದು ಕಂತಿನಂತೆ ಹೇಳುತ್ತಿದ್ದರು. ನನ್ನ ಕೈಯಲ್ಲಿ ನಿವೃತ್ತಿಯ ಹಣವಿತ್ತು, ಊರಿನ ಜಮೀನಿನಲ್ಲಿ ನನ್ನ ಪಾಲು ಮಾರಿದ ದುಡ್ಡಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಮಾಡಲು ಬೇರೆ ಕೆಲಸವಿರಲಿಲ್ಲ. ನನ್ನಾಕೆ ಮಾತ್ರ, "ಸುಮ್ಮನೆ ಬ್ಯಾಂಕಿನಲ್ಲಿಡಿ. ಬಡ್ಡಿ ಬರುತ್ತೆ, ನಿದ್ದೆಯೂ ಬರುತ್ತೆ" ಎಂದಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ನೆನಪಿಸಿದಳು. ನಾನು ಕಟ್ಟುತ್ತಿಲ್ಲವಲ್ಲ, ಕಟ್ಟಿದ್ದನ್ನು ಸರಿಮಾಡುತ್ತಿದ್ದೇನೆ ಎಂದು ವಾದಿಸಿದೆ. ಕಟ್ಟುವುದಕ್ಕಿಂತ ಸರಿಮಾಡುವುದು ಕಷ್ಟ ಎಂಬುದು ಮೇಷ್ಟ್ರಾಗಿದ್ದ ನನಗೇ ಮೊದಲು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಗ್ರಹಾರದಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಓಣಿಯಲ್ಲಿತ್ತು ಆ ಮನೆ. ಇಪ್ಪತ್ತಡಿ ಅಗಲ, ನಲವತ್ತಡಿ ಉದ್ದದ ನಿವೇಶನ. ಮುಂದೆ ಒಂದು ಜಗಲಿ, ಅದರ ಮೇಲೆ ಮಂಗಳೂರು ಹೆಂಚಿನ ಇಳಿಜಾರು. ಒಳಗೆ ಒಂದು ಹಾಲು, ಎರಡು ಕೋಣೆ, ಅಡಿಗೆಮನೆ, ಹಿತ್ತಲಲ್ಲಿ ಬಚ್ಚಲು. ಮೇಲೆ ಮದ್ರಾಸ್ ತಾರಸಿ. ಬಲಗಡೆಯ ಗೋಡೆ ನಮ್ಮದೂ ಹೌದು, ಪಕ್ಕದ ಮನೆಯದೂ ಹೌದು. ಹಳೆಯ ಓಣಿಗಳಲ್ಲಿ ಇಂಥ ನಡುಗೋಡೆ ಸಾಮಾನ್ಯ. ಆ ಕಡೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಒಂಟಿಯಾಗಿದ್ದರು.

ನಾನು ಮನೆ ನೋಡಿದ್ದು 2018ರ ಜನವರಿಯಲ್ಲಿ. ಮಳೆ ನಿಂತು ಎರಡು ತಿಂಗಳಾಗಿತ್ತು. ಬಿಸಿಲು ಹಿತವಾಗಿತ್ತು. ತಾರಸಿ ಒಣಗಿ ಬೆಳ್ಳಗಿತ್ತು. ಹೊರಗೆಲ್ಲ ಪಾಚಿ ಹಿಡಿದು ಕರಿಕಾಗಿದ್ದ ಆ ಮನೆಯ ಹಿಂದಿನ ಕೋಣೆಗೆ ಮಾತ್ರ ಹೊಸ ಬಣ್ಣದ ವಾಸನೆ. "ಹಬ್ಬಕ್ಕೆ ಅಂತ ಹೊಡೆಸಿದ್ವಿ ಸಾರ್" ಎಂದರು ಮಾರುವವರು. ಇಡೀ ಮನೆ ಬಿಟ್ಟು ಒಂದೇ ಕೋಣೆಗೆ, ಅದರಲ್ಲೂ ಒಂದೇ ಗೋಡೆಗೆ ಯಾವ ಹಬ್ಬ ಎಂದು ನಾನು ಕೇಳಲಿಲ್ಲ. ಮೊದಲನೆಯ ಪಾಠ ಅದು: ಹಳೆಯ ಮನೆಯನ್ನು ಮಳೆಗಾಲದಲ್ಲಿ ನೋಡಬೇಕು. ಸಾಧ್ಯವಿಲ್ಲದಿದ್ದರೆ, ಎಲ್ಲಿ ಹೊಸ ಬಣ್ಣವಿದೆಯೋ ಅಲ್ಲಿ ಬೆರಳಿನಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಗಾರೆ ಗೋಡೆಯನ್ನು ಬಿಟ್ಟಿದೆ ಎಂದೇ ಅರ್ಥ.

ಕಾಗದಪತ್ರದಲ್ಲಿ ಮಾತ್ರ ನಾನು ಮೋಸಹೋಗಲಿಲ್ಲ. ಅದರ ಪುಣ್ಯ ನನ್ನ ವಕೀಲರದು. ಖಾತೆ ಇನ್ನೂ ಮಾರುವವರ ತೀರಿಹೋದ ತಂದೆಯ ಹೆಸರಿನಲ್ಲಿತ್ತು. ಋಣಭಾರ ಪತ್ರ ತೆಗೆಸಿದರು, ವಂಶವೃಕ್ಷ ಕೇಳಿದರು, ಮದುವೆಯಾಗಿ ಹಾಸನದಲ್ಲಿದ್ದ ತಂಗಿ ಬಂದು ರುಜು ಹಾಕುವವರೆಗೂ ಹಣ ಕೊಡಬೇಡಿ ಎಂದರು. "ಅವಳಿಗೆ ಆಗಲೇ ಕೊಡಬೇಕಾದ್ದು ಕೊಟ್ಟಾಗಿದೆ" ಎಂದು ಅಣ್ಣಂದಿರು ಗೊಣಗಿದರು. ವಕೀಲರು ಜಗ್ಗಲಿಲ್ಲ. ಆ ತಂಗಿ ಬಂದರು, ರುಜು ಹಾಕಿದರು, ಹೋಗುವಾಗ ಜಗಲಿಯ ಕಂಬವನ್ನು ಒಮ್ಮೆ ಮುಟ್ಟಿ ಹೋದರು. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ನೋಂದಣಿ ಶುಲ್ಕ ಎಲ್ಲ ಸೇರಿ ಸುಮಾರು ಎರಡೂವರೆ ಲಕ್ಷ ಹೋಯಿತು. ದಲ್ಲಾಳಿಗೆ 38 ಸಾವಿರ. ನನ್ನ ಏಳನೆಯ ತರಗತಿಯ ಲೆಕ್ಕದಲ್ಲಿ ಈ ಎರಡೂ ಇರಲಿಲ್ಲ. (ಆಗ ನೋಂದಣಿ ಶುಲ್ಕ ಶೇಕಡಾ 1 ಇತ್ತು. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ಅದು ಶೇಕಡಾ 2 ಆಗಿದೆ.)

ಇನ್ನು ಮೇಸ್ತ್ರಿಯ ವಿಷಯ. ಸುಣ್ಣದ ಗಾರೆ ಕೆಲಸ ಬಲ್ಲವರು ಈಗ ಕಡಿಮೆ. ಅರವತ್ತರ ಆಸುಪಾಸಿನ ಒಬ್ಬರು ಸಿಕ್ಕರು. ಮಾತು ಕಡಿಮೆ, ಬೀಡಿ ಹೆಚ್ಚು. ಅವರು ನನ್ನನ್ನು ಮೇಷ್ಟ್ರೇ ಅನ್ನುತ್ತಿದ್ದರು, ನಾನು ಅವರನ್ನು ಮೇಸ್ತ್ರಿಗಳೇ ಅನ್ನುತ್ತಿದ್ದೆ. ಎರಡೂ ಪದ ಯಾವುದೋ ಹಿಂದಿನ ಕಾಲದ ಒಂದೇ ಮೂಲದಿಂದ ಬಂದವಂತೆ. ಒಂದು ಇಂಗ್ಲಿಷರ ಕಡೆಯಿಂದ, ಇನ್ನೊಂದು ಪೋರ್ಚುಗೀಸರ ಕಡೆಯಿಂದ. ಇಬ್ಬರಲ್ಲಿ ನಿಜವಾದ ಗುರು ಯಾರು ಎಂಬುದು ಒಂದು ವಾರದಲ್ಲೇ ತಿಳಿಯಿತು.

ಅವರು ಮೊದಲು ಹತ್ತಿದ್ದು ತಾರಸಿಗೆ. ಮದ್ರಾಸ್ ತಾರಸಿ ಎಂದರೆ ಮರದ ತೊಲೆಗಳ ಮೇಲೆ ಜಂತೆ, ಅದರ ಮೇಲೆ ತೆಳ್ಳನೆಯ ಇಟ್ಟಿಗೆಗಳನ್ನು ನಿಲ್ಲಿಸಿ ಓರೆಯಾಗಿ ಜೋಡಿಸಿ ಸುಣ್ಣದ ಗಾರೆಯಿಂದ ಹಿಡಿಸಿದ ಪದರ, ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟು. ಅದನ್ನು ಮರದ ಹಲಗೆಯಿಂದ ದಿನಗಟ್ಟಲೆ ಬಡಿದು ಬಿಗಿ ಮಾಡುತ್ತಿದ್ದರು. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುತ್ತಿದ್ದರು. ನೋಡಿಕೊಂಡರೆ ನೂರು ವರ್ಷ ಬಾಳುತ್ತದೆ. ನೋಡಿಕೊಳ್ಳುವುದು ಎಂದರೆ ಏನು ದೊಡ್ಡದಲ್ಲ; ಮಳೆ ನೀರು ಹೋಗುವ ತೂಬಿನಲ್ಲಿ ಎಲೆ ಕಟ್ಟದಂತೆ, ಗೋಡೆಯ ಸಂದಿಯಲ್ಲಿ ಅರಳಿ ಸಸಿ ಬೇರೂರದಂತೆ ನೋಡಿಕೊಳ್ಳುವುದು. ನಮ್ಮ ತಾರಸಿಯಲ್ಲಿ ತೂಬು ಮುಚ್ಚಿ ಹೋಗಿತ್ತು, ಅರಳಿ ಸಸಿ ಮೊಣಕಾಲೆತ್ತರ ಬೆಳೆದಿತ್ತು, ಅದರ ಬೇರು ಹೊಕ್ಕ ದಾರಿಯಲ್ಲೇ ನೀರು ಹೊಕ್ಕು ಎರಡು ತೊಲೆಗಳ ತುದಿ ಗೋಡೆಯೊಳಗೇ ಕೊಳೆತು ಪುಡಿಯಾಗಿತ್ತು. ಕೆಳಗಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಮೇಸ್ತ್ರಿ ಉಳಿಯಿಂದ ಚುಚ್ಚಿದರೆ ಉಳಿ ಹಿಡಿಯವರೆಗೂ ಒಳಗೆ ಹೋಯಿತು.

ನನ್ನಾಕೆ ಅಂದು ಜಗಲಿಯಿಂದ ಒಳಗೆ ಬರಲಿಲ್ಲ. 2012ರ ಆಗಸ್ಟಿನಲ್ಲಿ ನಮ್ಮೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತದ್ದು, 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಹೆಬ್ಬಾಗಿಲೊಂದು ಬಿದ್ದದ್ದು ಮೈಸೂರಿನವರು ಯಾರೂ ಮರೆತಿಲ್ಲ. ದೊಡ್ಡ ಕಟ್ಟಡವಿರಲಿ, ನಮ್ಮಂಥ ಗುಬ್ಬಚ್ಚಿ ಗೂಡಿರಲಿ, ಸುಣ್ಣದ ಗಾರೆಗೂ ಮರಕ್ಕೂ ನೀರೇ ಶತ್ರು. ಎರಡನೆಯ ಪಾಠ: ಹಳೆಯ ಮನೆಯ ರಿಪೇರಿ ಎಂದರೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಹುಡುಕುವುದು. ಉಳಿದದ್ದೆಲ್ಲ ಅಲಂಕಾರ.

ತಾರಸಿ ಮುಗಿಸಿ ಮೇಸ್ತ್ರಿ ಹಿಂದಿನ ಕೋಣೆಯ ನಡುಗೋಡೆಗೆ ಬಂದರು. ಹಬ್ಬದ ಬಣ್ಣ ಅಷ್ಟರಲ್ಲಿ ಗುಳ್ಳೆ ಎದ್ದು ಹಪ್ಪಳವಾಗಿತ್ತು. ಅದನ್ನು ಕೆರೆದರೆ ಒಳಗೆ ಬಿಳಿಯ ಉಪ್ಪು. ಹಿಂದೆ ಯಾರೋ ಸುಣ್ಣದ ಗಾರೆ ಕಿತ್ತು ಸಿಮೆಂಟು ಮೆತ್ತಿಸಿದ್ದರು. ಮೇಸ್ತ್ರಿ ಅಂಗೈಯನ್ನು ಗೋಡೆಗಿಟ್ಟು ಸ್ವಲ್ಪ ಹೊತ್ತು ನಿಂತರು, ವೈದ್ಯರು ನಾಡಿ ನೋಡುವ ಹಾಗೆ.

"ಮೇಷ್ಟ್ರೇ, ಈ ಗೋಡೆ ಅಳ್ತಾ ಇರೋದು ನಮ್ಮ ಕಡೆಯಿಂದಲ್ಲ. ಆ ಕಡೆ ಅಜ್ಜಿ ಬಚ್ಚಲು ಐತೆ. ಮೋರಿ ಸೀಳಿರಬೇಕು. ಮೊದ್ಲು ಅದನ್ನ ಸರಿ ಮಾಡ್ಸಿ."

"ಎಷ್ಟಾಗುತ್ತೆ?"

"ನೆಲ ಒಡೆದು, ಪೈಪ್ ಹಾಕಿ, ವಾಟ ಕೊಟ್ಟು ಮಾಡಿದ್ರೆ ಇಪ್ಪತ್ತೈದು ಸಾವಿರ."

ನಾನು ಹೋಗಿ ಅಜ್ಜಿಯನ್ನು ಕೇಳಿದೆ. ಅವರು ಬಚ್ಚಲು ತೋರಿಸಿದರು. ಕಲ್ಲಿನ ಮೋರಿ ಗೋಡೆಯ ಬುಡದಲ್ಲೇ ಬಿರುಕು ಬಿಟ್ಟಿತ್ತು. ಹಿತ್ತಲಿನ ಮಳೆ ನೀರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು. "ನನ್ನ ಕೈಲಿ ಎಲ್ಲಪ್ಪ ಆಗುತ್ತೆ? ಪಿಂಚಣಿ ದುಡ್ಡಿನಲ್ಲಿ ಔಷಧಿಗೇ ಸಾಲದು. ನೀವು ಮಾಡಿಸೋದಾದ್ರೆ ಮಾಡಿಸಿಕೊಳ್ಳಿ, ನಾನೇನೂ ಬೇಡ ಅನ್ನಲ್ಲ" ಎಂದರು. ನ್ಯಾಯವಾದ ಮಾತು. ಆದರೆ ನನ್ನ ಗಣಿತ ಒಪ್ಪಲಿಲ್ಲ. ಆ ಹೊತ್ತಿಗೆ ನನ್ನ 6 ಲಕ್ಷದ ಅಂದಾಜು ಮುರಿದು ಬಿದ್ದಿತ್ತು. ಇನ್ನೊಬ್ಬರ ಬಚ್ಚಲಿಗೆ ನಾನೇಕೆ ಖರ್ಚು ಮಾಡಲಿ? ನಾನು ಮಾರುವುದು ನನ್ನ ಮನೆಯನ್ನು, ಅಜ್ಜಿಯ ಬಚ್ಚಲನ್ನಲ್ಲ.

ಅದರ ಬದಲಿಗೆ ನಮ್ಮ ಕಡೆಯ ಗೋಡೆಗೆ ನೀರು ತಡೆಯುವ ಲೇಪ ಬಳಿಸಿ, ಅದರ ಮೇಲೆ ಸಿಮೆಂಟು ಗಾರೆ ಹಾಕಿಸಿ, ಮೂರಡಿ ಎತ್ತರದವರೆಗೆ ಟೈಲ್ಸ್ ಅಂಟಿಸಿದೆ. 80 ಸಾವಿರ ರೂಪಾಯಿ. ಮೇಸ್ತ್ರಿ ಆ ಕೆಲಸಕ್ಕೆ ಕೈ ಹಾಕಲಿಲ್ಲ. ಬೇರೆಯವರು ಬಂದು ಮಾಡಿದರು. "ಅಳೋ ಮಗುವಿನ ಬಾಯಿ ಮುಚ್ಚಿದಂಗೆ" ಎಂದಷ್ಟೇ ಹೇಳಿ ಅವರು ಬೀಡಿ ಹಚ್ಚಿದರು.

ನಾಲ್ಕು ತಿಂಗಳಿಗೆಂದು ಶುರುವಾದ ಕೆಲಸ ಮುಗಿಯಲು ನವೆಂಬರ್ ಆಯಿತು. ಒಟ್ಟು ಖರ್ಚು 11 ಲಕ್ಷ 40 ಸಾವಿರ. ತಾರಸಿಗೆ 2 ಲಕ್ಷ 90 ಸಾವಿರ, ವಯರಿಂಗು ನಲ್ಲಿಗಳಿಗೆ 2 ಲಕ್ಷ 20 ಸಾವಿರ, ಅಡಿಗೆಮನೆಗೆ 1 ಲಕ್ಷ 70 ಸಾವಿರ, ಬಚ್ಚಲಿಗೆ ಒಂದೂವರೆ ಲಕ್ಷ, ಹೀಗೆ. ಓಣಿಯೊಳಗೆ ಟ್ರ್ಯಾಕ್ಟರು ಬರುವುದಿಲ್ಲ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಒಡೆದ ಮಣ್ಣನ್ನೆಲ್ಲ ಬಾಂಡ್ಲಿಯಲ್ಲಿ ತುಂಬಿ ರಸ್ತೆಯವರೆಗೆ ತಲೆಯ ಮೇಲೆ ಹೊರಬೇಕು. ಮರಳು, ಇಟ್ಟಿಗೆ ಅದೇ ದಾರಿಯಲ್ಲಿ ತಲೆಯ ಮೇಲೆ ಒಳಗೆ ಬರಬೇಕು. ಹೋಗುವುದಕ್ಕೂ ಕೂಲಿ, ಬರುವುದಕ್ಕೂ ಕೂಲಿ. ನನ್ನ ಅನುಭವದಲ್ಲಿ ಹೇಳುವುದಾದರೆ, ಹಳೆಯ ಮನೆಯ ರಿಪೇರಿಗೆ ಒಂದು ಅಂದಾಜು ಹಾಕಿ, ಅದರ ಅರ್ಧದಷ್ಟನ್ನು ಬೇರೆ ಎತ್ತಿಟ್ಟುಕೊಂಡು, ಆಮೇಲೂ ಸ್ವಲ್ಪ ಹೆದರಿಕೊಂಡೇ ಇರಬೇಕು.

ಎಲ್ಲಿ ಖರ್ಚು ಮಾಡಬೇಕು ಎಂಬುದರಲ್ಲೂ ತಪ್ಪಿದೆ. ದಲ್ಲಾಳಿಯ ಮಾತು ಕೇಳಿ ಅಡಿಗೆಮನೆಗೆ ಹೊಳೆಯುವ ಕಪಾಟುಗಳನ್ನು ಮಾಡಿಸಿದೆ. ಹಾಲಿಗೂ ಟೈಲ್ಸ್ ಹಾಕಿಸಬೇಕೆಂದು ಹಳೆಯ ಲಿನೋಲಿಯಂ ಎತ್ತಿಸಿದಾಗ ಅಡಿಯಲ್ಲಿ ಕಾವಿ ನೆಲ ಸಿಕ್ಕಿತು. ಕೆಂಪಗೆ, ಅಂಚಿಗೆ ಕಪ್ಪು ಪಟ್ಟಿ, ಅಲ್ಲಲ್ಲಿ ಕೂದಲೆಳೆಯ ಬಿರುಕು. ನನ್ನಾಕೆ ಅದರ ಮೇಲೆ ಕುಳಿತು, "ಇದನ್ನು ಮುಚ್ಚಿದರೆ ನಾನು ಈ ಮನೆಗೆ ಕಾಲಿಡುವುದಿಲ್ಲ" ಎಂದಳು. ಉಜ್ಜಿಸಿ ಮೇಣ ಹಚ್ಚಿಸಿದ್ದಕ್ಕೆ ಆದದ್ದು ಕೆಲವೇ ಸಾವಿರ. ಮುಂದೆ ಮನೆ ನೋಡಲು ಬಂದವರೆಲ್ಲ ಆ ನೆಲವನ್ನು ಹೊಗಳಿದರು. ಕಪಾಟುಗಳನ್ನು ಹೊಗಳಿದವರು ದಲ್ಲಾಳಿ ಒಬ್ಬರೇ.

2019ರ ಮಧ್ಯದಲ್ಲಿ ಒಬ್ಬರು 57 ಲಕ್ಷಕ್ಕೆ ಕೇಳಿದರು. ಲೆಕ್ಕಪರಿಶೋಧಕರಾದ ಹಳೆಯ ಶಿಷ್ಯನೊಬ್ಬ ತಡೆದ. "ಸಾರ್, 24 ತಿಂಗಳಿಗಿಂತ ಮುಂಚೆ ಮಾರಿದರೆ ಲಾಭವೆಲ್ಲ ನಿಮ್ಮ ಪಿಂಚಣಿಯ ಜೊತೆ ಸೇರಿ ತೆರಿಗೆಗೆ ಬರುತ್ತೆ. ಜನವರಿ ದಾಟಲಿ, ದೀರ್ಘಾವಧಿ ಲಾಭ ಆಗುತ್ತೆ, ಹಣದುಬ್ಬರದ ಲೆಕ್ಕವೂ ಸಿಗುತ್ತೆ" ಎಂದ. ಗಣಿತದ ಶಿಷ್ಯ ಗಣಿತ ಹೇಳಿದಾಗ ಗುರು ಕೇಳಬೇಕಲ್ಲ, ಕಾದೆ. ಕಾದದ್ದರಿಂದ ಆ ಮನೆ ಇನ್ನೊಂದು ಮಳೆಗಾಲವನ್ನು ನನ್ನ ಹೆಸರಿನಲ್ಲೇ ಕಳೆಯಿತು.

2019ರ ಆಗಸ್ಟಿನ ಮಳೆ ನೆನಪಿರಬೇಕು. ರಾಜ್ಯದ ಅರ್ಧಕ್ಕರ್ಧ ನೆರೆಯಲ್ಲಿ ಮುಳುಗಿತ್ತು. ಅಕ್ಟೋಬರಿನಲ್ಲಿ ಹೋಗಿ ಬಾಗಿಲು ತೆರೆದೆ. ತಾರಸಿ ಒಂದು ಹನಿ ಸೋರಿರಲಿಲ್ಲ. ಹಿಂದಿನ ಕೋಣೆಗೆ ಹೋದರೆ, ಟೈಲ್ಸ್ ಮುಗಿಯುವ ಗೆರೆಯ ಮೇಲೆ, ನಾಲ್ಕಡಿ ಎತ್ತರದಲ್ಲಿ, ಭೂಪಟದಂತೆ ಒಂದು ಕಪ್ಪು ಕಲೆ. ನೀರಿಗೆ ಕೆಳಗೆ ಆವಿಯಾಗಲು ದಾರಿ ಸಿಗದೆ ಗೋಡೆಯೊಳಗೇ ಏರಿ ಬಂದಿತ್ತು. ಸುಣ್ಣದ ಗಾರೆ ಉಸಿರಾಡುತ್ತದೆ, ಬಂದ ತೇವವನ್ನು ಹೊರಗೆ ಬಿಡುತ್ತದೆ. ಲೇಪ, ಸಿಮೆಂಟು, ಟೈಲ್ಸ್ ಸೇರಿ ಅದರ ಮೂಗು ಮುಚ್ಚಿದ್ದವು. ಮುಚ್ಚಿಸಿದವನು ನಾನು.

ದಲ್ಲಾಳಿಗೆ ತೋರಿಸಿದೆ. ಅವರು ಕಿಂಚಿತ್ತೂ ಗಾಬರಿಯಾಗಲಿಲ್ಲ. "ಡಿಸೆಂಬರಿನಲ್ಲಿ ಒಣಗುತ್ತೆ ಸಾರ್. ಕೆರೆದು, ಪುಟ್ಟಿ ಹಾಕಿ, ಎರಡು ಕೋಟು ಬಣ್ಣ ಹೊಡೆಸಿ. ಜನವರಿಯಲ್ಲಿ ಪಾರ್ಟಿ ಕರ್ಕೊಂಡು ಬರ್ತೀನಿ. ಮುಂದಿನ ಮಳೆ ಹೊತ್ತಿಗೆ ಮನೆ ನಿಮ್ಮದಾಗಿರೋದಿಲ್ಲ." ಎಷ್ಟು ಸಲೀಸಾದ ಲೆಕ್ಕ! ನನಗೂ ಯಾರೋ ಇದೇ ಲೆಕ್ಕ ಹಾಕಿ ಮಾರಿದ್ದರಲ್ಲವೇ? ಆದರೂ, ಸುಳ್ಳು ಹೇಳುವುದಿಲ್ಲ, ಹೊಡೆಸಿದೆ. ಹತ್ತು ಸಾವಿರ ರೂಪಾಯಿಯೊಳಗೆ ಕಲೆ ಮಾಯವಾಯಿತು. ಹೊಸ ಬಣ್ಣದ ವಾಸನೆ ಕೋಣೆಯಲ್ಲಿ ತುಂಬಿಕೊಂಡಿತು.

2020ರ ಜನವರಿಯ ಕೊನೆಯಲ್ಲಿ ಒಂದು ಜೋಡಿ ಬಂತು. ಮೂವತ್ತರ ಆಚೀಚೆ, ಇಬ್ಬರೂ ಕೆಲಸದಲ್ಲಿರುವವರು. ಹುಡುಗಿ ಚಪ್ಪಲಿ ಬಿಟ್ಟು ಕಾವಿ ನೆಲದ ಮೇಲೆ ಬರಿಗಾಲಲ್ಲಿ ನಿಂತಳು. "ನಮ್ಮಜ್ಜಿ ಮನೆ ಹಾಗೇ ಇದೆ" ಎಂದಳು. ಅಲ್ಲಿಗೆ ವ್ಯಾಪಾರ ಮುಗಿದಂತೆಯೇ. 61 ಲಕ್ಷಕ್ಕೆ ಒಪ್ಪಿದರು. ಗುರುವಾರ ಮುಂಗಡ ಎಂದಾಯಿತು. ಹೊರಡುವಾಗ ಹಿಂದಿನ ಕೋಣೆಯ ಕಿಟಕಿ ತೆರೆದು ಗಂಡನಿಗೆ ಹೇಳಿದಳು: "ಇದು ಅತ್ತೆಗೆ. ಗಾಳಿ ಚೆನ್ನಾಗಿದೆ. ಮಹಡಿ ಹತ್ತೋ ಹಾಗಿಲ್ಲ, ಉಬ್ಬಸಕ್ಕೂ ಒಳ್ಳೇದು."

ನಾನು ಸುಮ್ಮನಿದ್ದೆ. ದಲ್ಲಾಳಿ ನನ್ನ ಮುಖ ನೋಡಿದರು. ನಾನು ಕಿಟಕಿಯಿಂದ ಹೊರಗೆ ನೋಡಿದೆ.

ಅಂದು ರಾತ್ರಿ ನಿದ್ದೆ ಬರಲಿಲ್ಲ. ನನ್ನಾಕೆಗೆ ವಿಷಯ ಹೇಳಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. "ಪರೀಕ್ಷೆಯಲ್ಲಿ ಹುಡುಗರು ಉತ್ತರ ತಿದ್ದಿದರೆ ನೀವು ಏನು ಮಾಡ್ತಿದ್ರಿ?" ಎಂದು ಕೇಳಿ ಆಚೆ ಮಗ್ಗುಲಿಗೆ ಹೊರಳಿದಳು. ಮೂವತ್ತಮೂರು ವರ್ಷದಲ್ಲಿ ಎಷ್ಟು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೋ ಲೆಕ್ಕವಿಲ್ಲ.

ಬೆಳಿಗ್ಗೆ ಆ ಹುಡುಗನಿಗೆ ಫೋನು ಮಾಡಿ, ಇಬ್ಬರೂ ಒಮ್ಮೆ ಬರಬೇಕೆಂದೆ. ಮೇಸ್ತ್ರಿಯನ್ನೂ ಕರೆಸಿದೆ. ಗೋಡೆಯ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ: ಮೋರಿ, ಲೇಪ, ಟೈಲ್ಸ್, ಅಕ್ಟೋಬರಿನ ಕಲೆ, ಡಿಸೆಂಬರಿನ ಬಣ್ಣ. ಕೊನೆಯದನ್ನು ಹೇಳುವಾಗ ಗಂಟಲು ಕಟ್ಟಿತು. ಹುಡುಗಿಯ ಮುಖದಲ್ಲಿ ಮೊದಲು ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. "ಮೊನ್ನೆ ನಾನು ಅತ್ತೆ ವಿಷಯ ಹೇಳಿದಾಗ ನೀವು ಇಲ್ಲೇ ಇದ್ರಲ್ಲ ಅಂಕಲ್" ಎಂದಳು. ಹೌದಮ್ಮ, ಇದ್ದೆ ಎಂದೆ. ಬೇರೆ ಏನು ಹೇಳಲಿ?

ನಾಲ್ಕು ದಿನ ಸುದ್ದಿಯಿಲ್ಲ. ದಲ್ಲಾಳಿ ನನ್ನನ್ನು ಕಂಡು, "ಸಾರ್, ಇದು ಸ್ಕೂಲಲ್ಲ, ವ್ಯಾಪಾರ" ಎಂದು ಕೈ ಮುಗಿದರು. ಐದನೆಯ ದಿನ ಆ ಹುಡುಗ ಬಂದು 58 ಲಕ್ಷ 50 ಸಾವಿರ ಎಂದ. ಒಪ್ಪಿದೆ. ಕ್ರಯಪತ್ರ ಬರೆಯುವಾಗ ವಕೀಲರಿಗೆ ನನ್ನ ಪ್ರಾಮಾಣಿಕತೆಯ ಕಥೆಯನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಅದು ನಿಮ್ಮ ದೊಡ್ಡತನ ಅಲ್ಲ ಮೇಷ್ಟ್ರೇ, ಕಾನೂನು" ಎಂದರು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿರುವ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ಮಾರುವವನೇ ಹೇಳಬೇಕಂತೆ. ನೂರ ಮೂವತ್ತು ವರ್ಷಕ್ಕೂ ಹಳೆಯ ಕಾನೂನು. ಆ ಮನೆಗಿಂತ ಹಳೆಯದು.

ಫೆಬ್ರವರಿಯಲ್ಲಿ ನೋಂದಣಿಯಾಯಿತು. ಈಗ ಲೆಕ್ಕ ನೋಡಿ. ಕೊಂಡ ಬೆಲೆ, ನೋಂದಣಿ, ದಲ್ಲಾಳಿ, ರಿಪೇರಿ ಸೇರಿ ಬಿದ್ದದ್ದು 52 ಲಕ್ಷ 28 ಸಾವಿರ. ಮಾರುವಾಗ ದಲ್ಲಾಳಿಗೆ ಮತ್ತೆ 58 ಸಾವಿರದ ಐನೂರು. ಉಳಿದದ್ದು 5 ಲಕ್ಷ 63 ಸಾವಿರ. ಅದರಲ್ಲಿ ತೆರಿಗೆ ಸುಮಾರು ಒಂದೂವರೆ ಲಕ್ಷ. ತೆರಿಗೆ ಅಷ್ಟಾಗಲು ಕಾರಣವೂ ನಾನೇ. ಶನಿವಾರದ ಬಟವಾಡೆಯನ್ನೆಲ್ಲ ನಗದಾಗಿ ಕೊಟ್ಟು ಒಂದು ಚೀಟಿಯನ್ನೂ ಬರೆಸಿಕೊಂಡಿರಲಿಲ್ಲ. ಹಾಗೆ ನಾಲ್ಕೂವರೆ ಲಕ್ಷದ ಖರ್ಚಿಗೆ ದಾಖಲೆಯೇ ಇಲ್ಲ. ದಾಖಲೆಯಿದ್ದರೆ ತೊಂಬತ್ತು ಸಾವಿರ ರೂಪಾಯಿಯಾದರೂ ತೆರಿಗೆ ಉಳಿಯುತ್ತಿತ್ತು. (ಈ ತೆರಿಗೆಯ ಲೆಕ್ಕ 2024ರ ಜುಲೈ 23ರಿಂದ ಬದಲಾಗಿದೆ. ಆ ದಿನದಿಂದ ಈಚೆಗೆ ಕೊಂಡ ಮನೆಗೆ ಹಣದುಬ್ಬರದ ಲೆಕ್ಕವಿಲ್ಲ, ದರ ಶೇಕಡಾ 12.5. ನನ್ನ ಅಂಕಿಗಳನ್ನು ನೆಚ್ಚದೆ ತಿಳಿದವರನ್ನು ಕೇಳಿ. ಚೀಟಿಗಳನ್ನು ಮಾತ್ರ ಆಗಲೂ ಈಗಲೂ ಜೋಪಾನವಾಗಿಡಬೇಕು.) ಕೊನೆಗೆ ಕೈಗೆ ಬಂದದ್ದು ನಾಲ್ಕು ಲಕ್ಷ ಚಿಲ್ಲರೆ. ಅದೇ ಹಣವನ್ನು ಹಿರಿಯ ನಾಗರಿಕರ ಠೇವಣಿಯಲ್ಲಿ ಇಟ್ಟಿದ್ದರೆ ಶೇಕಡಾ 7ರಂತೆ ಆರೂವರೆ ಲಕ್ಷಕ್ಕೂ ಹೆಚ್ಚು ಬಡ್ಡಿ ಬರುತ್ತಿತ್ತು. ಅದಕ್ಕೂ ತೆರಿಗೆ ಉಂಟು ಎಂದು ನಾನು ಹೇಳುವಷ್ಟರಲ್ಲಿ ನನ್ನಾಕೆ, "ನಿದ್ದೆಗೆ ತೆರಿಗೆ ಇಲ್ಲ" ಎಂದಳು.

ಮಾರ್ಚ್ ಕೊನೆಗೆ ಲಾಕ್‌ಡೌನು ಬಂತು. ಆ ಜೋಡಿ ಮನೆ ಸೇರಿದ್ದು ಜುಲೈಯಲ್ಲಿ ಎಂದು ಮೇಸ್ತ್ರಿಯಿಂದ ತಿಳಿಯಿತು. ನನಗೆ ಹೋಗುವ ಮುಖವಿರಲಿಲ್ಲ. 2022ರ ಅಕ್ಟೋಬರಿನಲ್ಲಿ, ದಸರೆ ಕಳೆದ ಮೇಲೆ, ಹುಡುಗಿಯೇ ಫೋನು ಮಾಡಿ, ಆಂಟಿಯನ್ನು ಕರೆದುಕೊಂಡು ಬನ್ನಿ ಎಂದಳು. ಹೋದೆವು. ಹೊಳೆಯುವ ಕಪಾಟುಗಳಿದ್ದ ಜಾಗದಲ್ಲಿ ಕಡಪಾ ಕಲ್ಲಿನ ಗೂಡುಗಳು. ಹಿಂದಿನ ಕೋಣೆಯಲ್ಲಿ ಟೈಲ್ಸ್ ಇರಲಿಲ್ಲ. ಗೋಡೆಗೆ ಸುಣ್ಣದ ಗಾರೆ, ಮೇಲೆ ಸುಣ್ಣ. ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ನಾನು ಮೇಸ್ತ್ರಿಯ ಹಾಗೆ ಅಂಗೈಯಿಟ್ಟು ನೋಡಿದೆ. ಒಣಗಿತ್ತು.

"ಮೊದಲು ಪಕ್ಕದಜ್ಜಿ ಬಚ್ಚಲು ಮಾಡಿಸಿದ್ವಿ ಅಂಕಲ್. ಮೂವತ್ತೈದು ಸಾವಿರ ಆಯ್ತು. ಆಮೇಲೆ ಟೈಲ್ಸ್ ಕಿತ್ತು ಗೋಡೆಯನ್ನ ಹಾಗೇ ಬಿಟ್ವಿ. ಎಷ್ಟು ಅಂಗುಲ ದಪ್ಪವೋ ಅಷ್ಟು ತಿಂಗಳು ಒಣಗಬೇಕು ಅಂದ್ರು ಮೇಸ್ತ್ರಿ. ಹದಿನಾಲ್ಕು ತಿಂಗಳು ಅತ್ತೆ ಹಾಲಿನಲ್ಲೇ ಮಲಗಿದ್ರು."

ಅಷ್ಟರಲ್ಲಿ ಹಿತ್ತಲಿನಿಂದ ಇಬ್ಬರು ಮುದುಕಿಯರ ಮಾತು ಕೇಳಿಸಿತು. ಒಬ್ಬರು ಈ ಕಡೆ, ಒಬ್ಬರು ಆ ಕಡೆ, ಕಾಂಪೌಂಡಿನ ಮೇಲೆ ಒಣಗಲು ಇಟ್ಟ ಹುಣಸೆಹಣ್ಣು ನಡುವೆ. ನನ್ನಾಕೆಯೂ ಅಲ್ಲಿಗೆ ಹೋಗಿ ನಿಂತಳು.

ಕಾಫಿ ಕುಡಿಯುತ್ತಾ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಿದೆ. ಗೋಡೆಗಾಗಿ ನಾನು ಬಿಟ್ಟುಕೊಟ್ಟದ್ದು ಎರಡೂವರೆ ಲಕ್ಷ, ಲೇಪ ಟೈಲ್ಸ್‌ಗೆ ಹಾಕಿದ್ದು 80 ಸಾವಿರ, ಮುಚ್ಚಿದ ಬಣ್ಣಕ್ಕೆ ಇನ್ನಷ್ಟು. ಮೇಸ್ತ್ರಿ 2018ರಲ್ಲಿ ಕೇಳಿದ್ದು 25 ಸಾವಿರ. ನನ್ನ ನಿವೇಶನ ಎಲ್ಲಿಗೆ ಮುಗಿಯುತ್ತದೆ ಎಂದು ಪತ್ರದಲ್ಲಿ ಅಡಿಗಳ ಲೆಕ್ಕದಲ್ಲಿ ಬರೆದಿತ್ತು. ನೀರು ಆ ಪತ್ರವನ್ನು ಓದಿರಲಿಲ್ಲ.

ಹೊರಡುವಾಗ ಹುಡುಗಿ ಗೇಟಿನವರೆಗೆ ಬಂದಳು. "ಅವತ್ತು ನಿಮ್ಮ ಮೇಲೆ ತುಂಬಾ ಕೋಪ ಬಂದಿತ್ತು ಅಂಕಲ್" ಎಂದಳು. "ನೀವು ಹೇಳದೇ ಇದ್ದಿದ್ರೆ ನಾವೂ ಬಣ್ಣಾನೇ ಹೊಡೆಸ್ತಾ ಇರ್ತಿದ್ವಿ."

ಓಣಿ ದಾಟಿ ರಸ್ತೆಗೆ ಬಂದಾಗ ನನ್ನಾಕೆ, ಇನ್ನೊಂದು ಹಳೆಯ ಮನೆ ನೋಡುವ ಯೋಚನೆ ಇದೆಯೇ ಎಂದು ಕೇಳಿದಳು. ಇಲ್ಲ ಎಂದೆ. ಮನೆಗೆ ಬಂದು ಮೊದಲು ಮಾಡಿದ ಕೆಲಸ, ಏಣಿ ಹಾಕಿ ನಮ್ಮ ಸ್ವಂತ ತಾರಸಿ ಹತ್ತಿದ್ದು. ತೂಬಿನಲ್ಲಿ ಎಲೆ ಕಟ್ಟಿಕೊಂಡಿತ್ತು.